ಸಾಮಾನು ನಮ್ಮದು, ಜೋಡಣೆ ಪ್ಲಂಬರರದು: ಸೋರಿದರೆ ಹೊಣೆ ಯಾರದು?

ಪ್ರಶ್ನೆ: ನಮ್ಮ ಹೊಸ ಮನೆಯ ಎರಡು ಬಾತ್‌ರೂಮುಗಳಲ್ಲಿ ಒಂದರ ಕೆಲಸ ಮುಗಿದಿದೆ, ಇನ್ನೊಂದಕ್ಕೆ ಟೈಲ್ಸ್ ಹಾಕಿಲ್ಲ. ಕಮೋಡು, ಗೋಡೆಯೊಳಗೆ ಕೂರಿಸುವ ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಸಾಧನ), ದೊಡ್ಡ ಶವರ್ ಎಲ್ಲವನ್ನೂ ಬೆಂಗಳೂರಿನಲ್ಲಿರುವ ಮಗಳು ರಿಯಾಯಿತಿಯಲ್ಲಿ ಕೊಂಡು ಕಳುಹಿಸಿದ್ದಳು. ಪ್ಲಂಬರ್ ‘ಸಾಮಾನು ನಾನು ತಂದದ್ದಲ್ಲ, ಗ್ಯಾರಂಟಿ ಕೇಳಬೇಡಿ’ ಎಂದೇ ಕೆಲಸ ಹಿಡಿದರು, ಮಜೂರಿಯನ್ನೂ ಹೆಚ್ಚಿಗೆ ಹೇಳಿದರು. ಈಗ ಬಾತ್‌ರೂಮಿನ ಹಿಂಬದಿಯ ಕೋಣೆಯ ಗೋಡೆ ಒದ್ದೆಯಾಗುತ್ತಿದೆ, ಶವರಿನಲ್ಲಿ ನೀರೂ ಸಣ್ಣಗೆ ಬರುತ್ತಿದೆ. ಅವರು ಸಾಮಾನಿನ ದೋಷ ಎನ್ನುತ್ತಾರೆ, ಮಾರಿದವರು ಜೋಡಣೆಯ ದೋಷ ಎನ್ನುತ್ತಾರೆ. ಎರಡನೆಯ ಬಾತ್‌ರೂಮಿಗೆ ಎಲ್ಲವನ್ನೂ ಪ್ಲಂಬರರಿಂದಲೇ ತರಿಸಬೇಕೇ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಮೊದಲಿಗೆ, ಟೈಲ್ಸ್ ಒಡೆಸಲು ಅವಸರಪಡಬೇಡಿ. ಒಂದೆರಡು ದಿನ ಆ ಶವರನ್ನು ಬಳಸದೆ, ಆದರೆ ಟ್ಯಾಂಕಿನಿಂದ ಬರುವ ವಾಲ್ವನ್ನು ತೆರೆದೇ ಇಟ್ಟು ನೋಡಿ. ಆಗಲೂ ಗೋಡೆಯ ತೇವ ಬೆಳೆಯುತ್ತಿದ್ದರೆ, ಸದಾ ನೀರಿನ ಒತ್ತಡವಿರುವ ಭಾಗ, ಎಂದರೆ ಡೈವರ್ಟರಿನವರೆಗಿನ ಪೈಪು ಅಥವಾ ಡೈವರ್ಟರೇ ಸೋರುತ್ತಿದೆ ಎಂದು ತಿಳಿಯಬಹುದು. ತೇವ ಆರತೊಡಗಿದರೆ ಡೈವರ್ಟರಿನಿಂದ ಶವರಿಗೆ ಏರುವ ಪೈಪನ್ನೂ, ಟೈಲ್ಸಿನ ಸಂದುಗಳನ್ನೂ, ನೆಲದ ಮೂಲೆಗಳನ್ನೂ ಅನುಮಾನಿಸಬೇಕು. ನಿಮ್ಮದು ಮುರಕಲ್ಲಿನ ಗೋಡೆಯಾಗಿದ್ದರೆ ಇನ್ನೊಂದು ಎಚ್ಚರ ಬೇಕು: ಆ ಕಲ್ಲು ನೀರನ್ನು ಹೀರಿಕೊಳ್ಳುವುದರಿಂದ ಕಲೆ ಕಾಣಿಸಿದ ಜಾಗದಲ್ಲಿಯೇ ಸೋರಿಕೆ ಇರುತ್ತದೆ ಎನ್ನುವಂತಿಲ್ಲ, ಆಟಿಯ ಮಳೆಗೆ ಹೊರಗೋಡೆಯಿಂದ ಬಂದ ತೇವವೂ ಪ್ಲಂಬರರ ಲೆಕ್ಕಕ್ಕೆ ಬರೆಯಲ್ಪಡುವುದುಂಟು. ಡೈವರ್ಟರಿನ ಹೊರಗಿನ ಪ್ಲೇಟನ್ನು ಬಿಚ್ಚಿದರೆ ಒಳಗೆ ನೀರು ಜಿನುಗುತ್ತಿದೆಯೇ ಎಂಬುದು ಬಹುಮಟ್ಟಿಗೆ ಕಾಣುತ್ತದೆ. ಅದರೊಳಗೆ ನೀರನ್ನು ತೆರೆದು ಮುಚ್ಚುವ ಬಿಡಿಭಾಗವಾದ ಕಾರ್ಟ್ರಿಜ್ ಕೆಟ್ಟಿದ್ದರೆ ಅದನ್ನು ಮುಂಭಾಗದಿಂದಲೇ ತೆಗೆದು ಬದಲಿಸಬಹುದು, ಗೋಡೆ ಮುಟ್ಟಬೇಕಾಗಿಲ್ಲ.

ಹೊಣೆ ಯಾರದೆಂಬುದು ಈ ಪರೀಕ್ಷೆಯ ಮೇಲೆಯೇ ನಿಂತಿದೆ. ಪೈಪಿನ ಜೋಡಣೆ ಸೋರಿದರೆ ಅದು ಪ್ಲಂಬರರ ಕೆಲಸದ ದೋಷ. ಡೈವರ್ಟರಿನ ಮೈ ಬಿರುಕು ಬಿಟ್ಟಿದ್ದರೆ ಅಥವಾ ಕಾರ್ಟ್ರಿಜ್ ಕೆಟ್ಟಿದ್ದರೆ ಕಂಪನಿಯ ವಾರಂಟಿಗೆ ಸೇರುತ್ತದೆ. ಥ್ರೆಡ್ಡಿಗೆ ಟೆಫ್ಲಾನ್ ಟೇಪನ್ನು ಮಿತಿಮೀರಿ ಸುತ್ತಿ ಬಲವಾಗಿ ಬಿಗಿದುದರಿಂದ ಬಿರುಕಾಗಿದೆ ಎಂದು ಕಂಪನಿಯ ತಂತ್ರಜ್ಞರು ಬರೆದುಕೊಟ್ಟರೆ ಮಾತ್ರ ಅದು ಮರಳಿ ಪ್ಲಂಬರರ ಬಳಿಗೇ ಬರುತ್ತದೆ. ‘ಗ್ಯಾರಂಟಿ ಕೇಳಬೇಡಿ’ ಎಂಬ ಮಾತು ಸಾಮಾನಿಗೆ ಒಪ್ಪುತ್ತದೆಯೇ ಹೊರತು ಅವರ ಕೈಕೆಲಸಕ್ಕೆ ಒಪ್ಪುವುದಿಲ್ಲ. ಆದರೆ ವಾರಂಟಿಯಲ್ಲಿ ಸಾಮಾನ್ಯವಾಗಿ ಹೊಸ ಬಿಡಿಭಾಗ ಸಿಗುತ್ತದೆ, ಒಡೆದ ಟೈಲ್ಸಿನ ಖರ್ಚು ಸಿಗುವುದಿಲ್ಲ. ಸ್ವತಃ ಕೊಂಡವರು ರಿಯಾಯಿತಿಯ ಲೆಕ್ಕ ಹಾಕುವಾಗ ಇದನ್ನು ಮರೆಯುತ್ತಾರೆ.

ಶವರಿನ ನೀರು ಸಣ್ಣಗಾದುದಕ್ಕೆ ಮಾತ್ರ ಪ್ಲಂಬರರನ್ನು ದೂರುವ ಮೊದಲು ಟ್ಯಾಂಕಿನ ಎತ್ತರವನ್ನು ಅಳೆಯಿರಿ. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 1 ಬಾರ್. ಟ್ಯಾಂಕು ಶವರಿಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಮಾತ್ರ, ಪೈಪಿನ ತಿರುವುಗಳಲ್ಲಿ ಅದೂ ಒಂದಿಷ್ಟು ಕಡಿಮೆಯಾಗುತ್ತದೆ. ಪೆಟ್ಟಿಗೆಯ ಮೇಲೆ ಕನಿಷ್ಠ 1 ಬಾರ್ ಎಂದು ಬರೆದಿರುವ ಶವರನ್ನು ತಂದಿದ್ದರೆ ಒತ್ತಡದ ಪಂಪು ಹಾಕಿಸಬೇಕು, ಇಲ್ಲವೇ ಶವರನ್ನೇ ಬದಲಿಸಬೇಕು. ಇದು ಕೊಂಡವರ ಹೊಣೆ.

ಹೆಚ್ಚಿನ ಮಜೂರಿ ಕೇಳಿದುದನ್ನು ನಾನು ದುರಾಸೆ ಎನ್ನಲಾರೆ. ಸಾಮಾನನ್ನು ತಾನೇ ತರುವ ಪ್ಲಂಬರರಿಗೆ ಅಂಗಡಿಯಲ್ಲಿ ಒಂದಿಷ್ಟು ಉಳಿಯುತ್ತದೆ, ಅದನ್ನು ನೆಚ್ಚಿಯೇ ಮಜೂರಿಯನ್ನು ಕಡಿಮೆ ಹೇಳುತ್ತಾರೆ. ಆ ಉಳಿತಾಯವನ್ನು ನೀವು ತೆಗೆದುಕೊಂಡ ಮೇಲೆ ಅವರು ಮಜೂರಿಯಲ್ಲಿ ಕೇಳುವುದು ಸಹಜ. ಆದುದರಿಂದ ಎರಡನೆಯ ಬಾತ್‌ರೂಮಿಗೂ ನೀವೇ ಕೊಳ್ಳಬಹುದು. ಆದರೆ ಆಂಗಲ್ ವಾಲ್ವ್, ನಿಪ್ಪಲ್, ಕನೆಕ್ಷನ್ ಪೈಪು, ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪಿನ ಬಿಡಿಭಾಗಗಳನ್ನು ಅವರಿಂದಲೇ ತರಿಸಿ. ಜೋಡಣೆ ಸೋರುವುದು ಹೆಚ್ಚಾಗಿ ಅಲ್ಲಿಯೇ, ಆ ಹೊಣೆ ಅವಿಭಕ್ತವಾಗಿ ಒಬ್ಬರಲ್ಲಿರುವುದು ಒಳ್ಳೆಯದು.

ಪೈಪು ಹಾಕುವ ಮುಂಚೆಯೇ ಪೆಟ್ಟಿಗೆಗಳನ್ನು ಬಿಚ್ಚಿ ಅಳತೆಯ ಹಾಳೆಗಳನ್ನು ಪ್ಲಂಬರರ ಕೈಯಲ್ಲಿಡಿ. ನೆಲಕ್ಕೆ ನೀರು ಬಿಡುವ ಕಮೋಡುಗಳಲ್ಲಿ ಟೈಲ್ಸ್ ಹಾಕಿದ ಗೋಡೆಯಿಂದ ನೆಲದ ತೂತಿನ ನಡುವಿಗೆ 4, 9 ಅಥವಾ 12 ಇಂಚಿನ ಅಂತರವಿರುವ ಬೇರೆ ಬೇರೆ ಮಾದರಿಗಳಿದ್ದು, ತೂತು ಕೊರೆದ ಮೇಲೆ ತಪ್ಪು ಕಂಡುಬಂದರೆ ಕಮೋಡನ್ನು ಹಿಂದಿರುಗಿಸಬೇಕು ಅಥವಾ ನೆಲ ಅಗೆಯಬೇಕು. ಡೈವರ್ಟರಿಗೆ ಗೋಡೆಯೊಳಗೆ ಕನಿಷ್ಠ ಆಳವೂ ಇದೆ, ಗರಿಷ್ಠ ಆಳವೂ ಇದೆ. ಸಿಮೆಂಟು ಮತ್ತು ಟೈಲ್ಸಿನ ದಪ್ಪವನ್ನು ಸೇರಿಸಿಯೇ ಅಳೆಯಬೇಕು, ಇಲ್ಲದಿದ್ದರೆ ಪ್ಲೇಟು ಗೋಡೆಗೆ ಕೂರುವುದಿಲ್ಲ. ನಮ್ಮ ಬಾವಿಗಳ ಕೆಂಪು ನೀರಿನಲ್ಲಿ ಕಬ್ಬಿಣದ ಕಿಲುಬು, ಹೊಯಿಗೆ ಎರಡೂ ಬರುವುದರಿಂದ, ಕಾರ್ಟ್ರಿಜ್ ಕೂರಿಸುವ ಮುಂಚೆ ಪೈಪುಗಳಲ್ಲಿ ಸಾಕಷ್ಟು ನೀರು ಹರಿಸಿ ತೊಳೆಸಿ. ಸಿಪಿವಿಸಿ ಅಂಟು ಒಣಗಿದ ಮೇಲೆ, ಟೈಲ್ಸಿನವರನ್ನು ಕರೆಯುವ ಮೊದಲು, ಪೈಪುಗಳ ತುದಿಗಳನ್ನು ಮುಚ್ಚಿ ಕೈಪಂಪಿನಿಂದ ಒತ್ತಡ ಕೊಟ್ಟು, ಮಾಪಕದ ಮುಳ್ಳು ಕೆಲವು ಗಂಟೆ ಕದಲದೆ ನಿಂತಿತೇ ಎಂದು ನೀವೇ ಎದುರಿಗಿದ್ದು ನೋಡಿ. ಈ ಪರೀಕ್ಷೆಗೆ ಒಪ್ಪದ ಪ್ಲಂಬರರಿಗೆ ಕೆಲಸ ಒಪ್ಪಿಸಬೇಡಿ ಎಂಬುದು ನನ್ನ ಖಂಡಿತ ಅಭಿಪ್ರಾಯ.

ಈಗಿನ ತಕರಾರು ಮಾತಿನಲ್ಲಿ ಬಗೆಹರಿಯದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದಿನದ ಸಂಬಳಕ್ಕೆ ಕರೆದು ನಿಮ್ಮ ನಿರ್ದೇಶನದಲ್ಲಿ ಮಾಡಿಸಿದ ಕೆಲಸಕ್ಕಿಂತ, ಬಾತ್‌ರೂಮಿಗೆ ಇಷ್ಟೆಂದು ಗುತ್ತಿಗೆ ಕೊಟ್ಟ ಕೆಲಸದಲ್ಲಿ ನಿಮ್ಮ ವಾದ ಗಟ್ಟಿಯಾಗಿರುತ್ತದೆ. ಎರಡನೆಯ ಬಾತ್‌ರೂಮಿನ ಗೋಡೆ ಮುಚ್ಚುವ ಮುಂಚೆ ಪೈಪುಗಳ ಪಕ್ಕದಲ್ಲಿ ಅಳತೆಯ ಟೇಪು ಹಿಡಿದು ಫೋಟೋ ತೆಗೆದಿಡಿ. ಮುಂದೆ ಕನ್ನಡಿಗೆ ಮೊಳೆ ಹೊಡೆಯುವಾಗಲೂ ಅದು ಬೇಕಾಗುತ್ತದೆ.