‘ಬಳಸಿ ಬಿಟ್ಟ ಬೆಕ್ಕು’ ಅನ್ನಬೇಡಿ

ಓದುಗರ ಪತ್ರ: ಪರಿಚಯದವರು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಒಂದು ಅಧ್ಯಯನ ಮುಗಿದಿದೆ. ಅಲ್ಲಿನ ಬೆಕ್ಕುಗಳನ್ನು ಸಾಕುವವರಿಗೆ ಕೊಡುತ್ತಿದ್ದಾರಂತೆ. ಆರು ವರ್ಷದ ಒಂದು ಹೆಣ್ಣು ಬೆಕ್ಕು ನನಗೆ ಇಷ್ಟವಾಗಿದೆ. ಮನೆಯವರು, “ಬಳಸಿ ಬಿಟ್ಟ ಬೆಕ್ಕು ಯಾಕೆ? ಏನು ರೋಗ ಇರುತ್ತೋ ಏನೋ. ಒಂದು ಮರಿ ತರೋಣ, ಬೇಗ ಒಗ್ಗಿಕೊಳ್ಳುತ್ತೆ” ಅನ್ನುತ್ತಾರೆ. ನನಗೂ ಸ್ವಲ್ಪ ಅಳುಕು. ಏನು ಮಾಡಲಿ?

ಸಂಪಾದಕರ ಉತ್ತರ: ತನ್ನಿ. ಯೋಚನೆ ಮಾಡುತ್ತಾ ಕೂರಬೇಡಿ, ಆ ಬೆಕ್ಕನ್ನೇ ತನ್ನಿ.

ಕೇಳಿದ್ದಕ್ಕೆ ಉತ್ತರ ಅಷ್ಟೇ. ಆದರೆ ನಿಮ್ಮ ಪತ್ರದ ಒಂದು ಮಾತು ಎರಡು ದಿನದಿಂದ ಕೊರೆಯುತ್ತಿದೆ. ‘ಬಳಸಿ ಬಿಟ್ಟ ಬೆಕ್ಕು.’ ಮನೆಯವರ ಮಾತು ಅಂತ ಬರೆದಿದ್ದೀರಿ, ಸರಿ. ಆದರೆ ನೀವೂ ಅದನ್ನು ತಿದ್ದಲಿಲ್ಲವಲ್ಲ? ಹಳೇ ಬಟ್ಟೆಗೆ ಆಡುವ ಮಾತನ್ನು ಜೀವ ಇರುವ ಪ್ರಾಣಿಗೆ ಆಡಬಾರದು. ಅದು ಕೆಲಸ ಮುಗಿಸಿದ ಬೆಕ್ಕು. ನಿವೃತ್ತಿಯಾದ ಬೆಕ್ಕು ಅನ್ನಿ.

ಮರಿ ಬೇಗ ಒಗ್ಗುತ್ತದೆ, ನೋಡಲೂ ಮುದ್ದಾಗಿರುತ್ತದೆ. ಮನೆಯವರ ಆ ಮಾತು ನಿಜ. ಆದರೆ ಮರಿ ಬೇಕು ಅನ್ನುವವರು ಎಲ್ಲೆಲ್ಲೂ ಸಿಗುತ್ತಾರೆ. ಆರು ವರ್ಷದ ಬೆಕ್ಕು ಬೇಕು ಅನ್ನುವವರು ನಿಮ್ಮಂಥ ಒಬ್ಬರೋ ಇಬ್ಬರೋ.

ನಮ್ಮ ಮನೆಗೂ ಹಿಂದೆ ಇಂಥದ್ದೇ ಒಂದು ಬೆಕ್ಕು ಬಂದಿತ್ತು. ಕಿವಿಯೊಳಗೆ ಹಚ್ಚೆ ಹಾಕಿದ ನಂಬರು. ಮೊದಲ ಒಂದು ವಾರ ಬೀರುವಿನ ಹಿಂದೆಯೇ ಇತ್ತು. ರಾತ್ರಿ ಬಂದು ತಿಂದು ಹೋಗುತ್ತಿತ್ತು. ಎಂಟನೇ ದಿನ ಬೆಳಿಗ್ಗೆ ತಾನಾಗಿ ಹೊರಗೆ ಬಂತು. ಕಿಟಕಿಯಿಂದ ನೆಲದ ಮೇಲೆ ಒಂದು ತುಂಡು ಬಿಸಿಲು ಬಿದ್ದಿತ್ತು. ಅದರ ಅಂಚಿಗೆ ಬಂದು ನಿಂತಿತು. ಮುಂಗಾಲು ಚಾಚಿ ಬಿಸಿಲನ್ನು ಮುಟ್ಟಿತು, ತಟ್ಟನೆ ಹಿಂದಕ್ಕೆಳೆದುಕೊಂಡಿತು, ಕಾಲನ್ನೇ ಮೂಸಿ ನೋಡಿತು. ಮತ್ತೆ ಮುಟ್ಟಿತು. ಆಮೇಲೆ ಮೆಲ್ಲಗೆ ಒಳಗೆ ಕಾಲಿಟ್ಟು ಮಗ್ಗುಲಾಗಿ ಮಲಗಿತು. ನಾನು ಉಸಿರು ಬಿಗಿಹಿಡಿದು ಬಾಗಿಲಲ್ಲೇ ನಿಂತಿದ್ದೆ. ಐದು ವರ್ಷ ಬದುಕಿದ್ದ ಪ್ರಾಣಿ, ಬಿಸಿಲು ಅಂದರೇನು ಅಂತ ಅವತ್ತು ತಿಳಿದುಕೊಂಡಿತು.

ಇಂಥ ಬೆಕ್ಕುಗಳಿಂದ ನಮಗೆ ಏನೇನು ಸಿಕ್ಕಿದೆ ಗೊತ್ತಾ? ಕಣ್ಣು ಕಂಡದ್ದನ್ನು ಮಿದುಳು ಹೇಗೆ ಗುರುತಿಸುತ್ತದೆ ಅಂತ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಕಂಡುಕೊಂಡದ್ದು ಹೆಚ್ಚಾಗಿ ಬೆಕ್ಕುಗಳಿಂದಲೇ. 1981ರಲ್ಲಿ ಅವರಿಗೆ ನೊಬೆಲ್ ಬಂತು. ಹುಟ್ಟುವಾಗಲೇ ಕಣ್ಣಿಗೆ ಪೊರೆ ಬಂದ ಕೂಸಿಗೆ ಬೇಗ ಆಪರೇಷನ್ ಮಾಡಬೇಕು, ತಡವಾದರೆ ಮಿದುಳು ನೋಡುವುದನ್ನು ಕಲಿಯುವುದಿಲ್ಲ ಅನ್ನುವ ತಿಳಿವಳಿಕೆ ಗಟ್ಟಿಯಾದದ್ದು ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿ ಮಾಡಿದ ಪ್ರಯೋಗಗಳಿಂದ. ಪ್ರಶಸ್ತಿ ಪಡೆದವರ ಹೆಸರು ನಮಗೆ ಗೊತ್ತು. ಆ ಮರಿಗಳ ಹೆಸರು?

ಹೆಸರಿನ ಮಾತು ಬಂದಾಗಲೆಲ್ಲ ನನಗೆ ಫೆಲಿಸೆಟ್ ನೆನಪಾಗುತ್ತಾಳೆ. 1963ರ ಅಕ್ಟೋಬರ್ 18ರಂದು ಫ್ರಾನ್ಸಿನವರು ಸಹರಾ ಮರುಭೂಮಿಯಿಂದ ರಾಕೆಟ್‌ನಲ್ಲಿ ಕಳಿಸಿದ ಬೆಕ್ಕು. ಬಾಹ್ಯಾಕಾಶ ಮುಟ್ಟಿ, ಸುಮಾರು 13 ನಿಮಿಷದಲ್ಲಿ ಜೀವಂತವಾಗಿ ವಾಪಸ್ ಬಂದಳು. ಹೋಗುವ ಮುಂಚೆ ಅವಳಿಗೆ ಹೆಸರೇ ಇರಲಿಲ್ಲ, ಬರೀ ಸಿ 341. ಹೆಸರಿಟ್ಟರೆ ಮನಸ್ಸು ಅಂಟಿಕೊಳ್ಳುತ್ತದೆ ಅಂತ ಬೇಕೆಂದೇ ಇಟ್ಟಿರಲಿಲ್ಲ. ಅಷ್ಟೆಲ್ಲ ಮಾಡಿ ಬಂದವಳನ್ನು ಎರಡು ಮೂರು ತಿಂಗಳಲ್ಲಿ ಮಿದುಳು ಪರೀಕ್ಷೆಗೆಂದು ಕೊಂದರು. ಆಮೇಲೆ ಬಂದ ಕೆಲವು ಅಂಚೆಚೀಟಿಗಳಲ್ಲಿ ಅವಳನ್ನು ಫೆಲಿಕ್ಸ್ ಅನ್ನುವ ಗಂಡು ಬೆಕ್ಕು ಮಾಡಿಬಿಟ್ಟರು. ಸ್ಟ್ರಾಸ್‌ಬರ್ಗ್‌ನಲ್ಲಿ ಅವಳದೊಂದು ಪ್ರತಿಮೆ ನಿಂತದ್ದು 2019ರಲ್ಲಿ. ಅವಳಿಗೆ ಬೇಕಿದ್ದದ್ದು ಪ್ರತಿಮೆಯಲ್ಲ, ಒಂದು ಮನೆ.

ನನ್ನ ಸಿಟ್ಟು ಇಲ್ಲೇ. ಕೆಲಸ ಮುಗಿದ ಮೇಲೂ ಆರೋಗ್ಯವಾಗಿರುವ ಪ್ರಾಣಿಯನ್ನು ಕೊಲ್ಲುವ ಬದಲು ಸಾಕುವವರಿಗೆ ಕೊಡಿ ಅಂತ ಹೇಳಲೂ ಕಾನೂನು ಬೇಕಾಯಿತು. ಅಮೆರಿಕದಲ್ಲಿ ಇಂಥ ಕಾನೂನು ಮೊದಲು ತಂದದ್ದು ಮಿನೆಸೋಟ ರಾಜ್ಯ, ಅದೂ 2014ರಲ್ಲಿ. ಅಮೆರಿಕ ಕೇಂದ್ರ ಸರ್ಕಾರದ ಕೃಷಿ ಇಲಾಖೆ 2019ರಲ್ಲಿ ಬೆಕ್ಕುಗಳನ್ನು ಬಳಸಿ ಮಾಡುತ್ತಿದ್ದ ಒಂದು ಪರಾವಲಂಬಿ ಜೀವಿಯ ಸಂಶೋಧನೆ ನಿಲ್ಲಿಸಿದಾಗ 14 ಬೆಕ್ಕು ಉಳಿದಿದ್ದವು. ಇಲಾಖೆಯ ನೌಕರರೇ ಅವನ್ನು ಮನೆಗೆ ಕರೆದುಕೊಂಡು ಹೋದರು. ನೋಡಿ, ಮನಸ್ಸು ಮಾಡಿದರೆ ಆಗುತ್ತದೆ. ದುಡಿಯುವಷ್ಟು ದಿನ ದುಡಿಸಿಕೊಂಡು ಆಮೇಲೆ ‘ಇನ್ನೇನು ಪ್ರಯೋಜನ’ ಅನ್ನುವ ಚಾಳಿ ನಮಗೆ ಎಲ್ಲ ಕಡೆಯೂ ಇದೆ. ಗಾಡಿ ಎಳೆದ ಕುದುರೆಗೂ ಅದೇ, ಮೂವತ್ತು ವರ್ಷ ದುಡಿದ ಗುಮಾಸ್ತನಿಗೂ ಅದೇ.

ರೋಗದ ಅಳುಕು ಬಿಡಿ. ಪಶುವೈದ್ಯರು ನೋಡಿ ಸರಿ ಅಂದ ಮೇಲೆಯೇ ಇಂಥ ಬೆಕ್ಕುಗಳನ್ನು ಹೊರಗೆ ಕೊಡಬೇಕು. ಅದರ ಆರೋಗ್ಯದ ದಾಖಲೆ ಕೇಳಿ ಪಡೆಯಿರಿ. ನಿಜ ಹೇಳಬೇಕೆಂದರೆ ಜಾಗ್ರತೆ ಬೇಕಿರುವುದು ನಿಮಗಲ್ಲ, ಆ ಬೆಕ್ಕಿಗೇ. ಹೊರಗಿನ ಸೋಂಕು ಕಾಣದೆ ಬೆಳೆದಿರುತ್ತದೆ. ಲಸಿಕೆ ಹಾಕಿಸಿ, ಬೇರೆ ಬೆಕ್ಕುಗಳಿಂದ ಕೆಲವು ವಾರ ದೂರ ಇಡಿ, ಹೊರಗೆ ಬಿಡಬೇಡಿ. ಮೊದಲು ಒಂದೇ ಸಣ್ಣ ಕೋಣೆ ಕೊಡಿ. ಅಡಗಲು ಒಂದು ರಟ್ಟಿನ ಡಬ್ಬ ಇಡಿ. ಸುಮ್ನೆ ಎತ್ತಿಕೊಳ್ಳಲು ಹೋಗಬೇಡಿ, ಅದರ ಪಕ್ಕ ನೆಲದ ಮೇಲೆ ಕೂತು ಏನಾದರೂ ಓದಿ. ಫ್ಯಾನು, ಮೆಟ್ಟಿಲು, ಬಾಗಿಲ ಗಂಟೆ ಎಲ್ಲವೂ ಅದಕ್ಕೆ ಹೊಸದು. ವಾರವೂ ಆಗಬಹುದು, ಮೂರು ತಿಂಗಳೂ ಆಗಬಹುದು.

ಇನ್ನೊಂದು ಮಾತು. ಕರೆತರಲು ಹೋದಾಗ ಕಾಗದಕ್ಕೆ ಸಹಿ ಹಾಕಿ ಬಂದುಬಿಡಬೇಡಿ. ದಿನಾ ಊಟ ಹಾಕುತ್ತಿದ್ದವರನ್ನು ಹುಡುಕಿ ಮಾತಾಡಿಸಿ. ದಾಖಲೆಯಲ್ಲಿ ಬರೀ ನಂಬರು ಇದ್ದರೂ ಅವರು ಅದನ್ನು ಏನೋ ಒಂದು ಹೆಸರಿಂದ ಕರೆಯುತ್ತಿರುತ್ತಾರೆ. ಆ ಹೆಸರು ಕೇಳಿಕೊಂಡು ಬನ್ನಿ. ಮೊದಲ ರಾತ್ರಿ ಬೀರುವಿನ ಹಿಂದೆ ಸೇರಿಕೊಂಡಾಗ ಅದೇ ಹೆಸರಿಂದ ಕರೆಯಿರಿ.