ಪ್ರತಿಕ್ರಿಯೆ: 1920ರ ಪತ್ರಿಕೆ ತುಣುಕು ಪುಡಿಯಾಗುತ್ತಿದೆ, ಪತ್ರಗಳಿಗೆ ಕಲೆ ಬಿದ್ದಿದೆ

ಹಳೆಯ ಪತ್ರ, ಫೋಟೋಗಳ ಜೊತೆ ಇದ್ದ 1920ರ ಪತ್ರಿಕೆ ತುಣುಕು ಪುಡಿಯಾಗುತ್ತಿದೆ, ಎರಡು ಫೋಟೋ ಅಂಟಿಕೊಂಡಿವೆ, ಏನು ಮಾಡಲಿ ಎಂದು ಕೇಳಿದ್ದೀರಿ. ಪತ್ರದ ಮೇಲಿನ ಕಂದು ಕಲೆ ಪತ್ರಿಕೆ ತುಣುಕಿನ ಆಕಾರದಲ್ಲೇ ಇದೆ ಎಂದೂ ಹೇಳಿದ್ದೀರಿ. ಹಾಗಾದರೆ ಕಾರಣ ಬಹುತೇಕ ಆ ತುಣುಕೇ. ಆಗಿನ ಪತ್ರಿಕೆಗಳಿಗೆ ಬಳಸುತ್ತಿದ್ದದ್ದು ಅಗ್ಗದ ಮರದ ತಿರುಳಿನ ಕಾಗದ. ಅದರಲ್ಲಿ ಲಿಗ್ನಿನ್ (ಮರದ ನಾರುಗಳನ್ನು ಹಿಡಿದಿಡುವ ಅಂಶ) ಜಾಸ್ತಿ. ವರ್ಷ ಕಳೆದಂತೆ ಆಮ್ಲ ಹುಟ್ಟುತ್ತದೆ, ತಾಗಿಕೊಂಡಿರುವ ಕಾಗದಕ್ಕೂ ದಾಟುತ್ತದೆ.

ಇವತ್ತೇ ಪತ್ರಿಕೆ, ಪತ್ರ, ಫೋಟೋ ಮೂರನ್ನೂ ಬೇರೆ ಬೇರೆ ಮಾಡಿ. ಪಿನ್, ರಬ್ಬರ್ ಬ್ಯಾಂಡ್ ತೆಗೆಯಿರಿ. ತುಕ್ಕು ಹಿಡಿದ ಪಿನ್ ಎಳೆಯಬೇಡಿ, ಕಾಗದ ಹರಿಯುತ್ತದೆ. ಮಡಿಕೆಗಳನ್ನು ನಿಧಾನವಾಗಿ ಬಿಡಿಸಿ. ಬಿರುಕು ಬಿಡುವಂತಿದ್ದರೆ ಅಲ್ಲಿಗೇ ನಿಲ್ಲಿಸಿ.

ಆಮೇಲೆ ಸ್ಕ್ಯಾನ್ ಮಾಡಿ. 400 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಅಳತೆ) ಸಾಕು, ಚಿಕ್ಕ ಫೋಟೋಗಳಿಗೆ 600. ಚಿತ್ರದ ಗುಣಮಟ್ಟ ಕುಗ್ಗದ ಟಿಫ್ (TIFF) ಫೈಲ್ ಆಗಿ ಎರಡು ಕಡೆ ಇಡಿ. ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಹೆಸರು, ಊರು ಇರುವುದು ಅಲ್ಲೇ ಅಲ್ವಾ? ಪುಡಿಯಾಗುವ ತುಣುಕನ್ನು ಸ್ಕ್ಯಾನರ್‌ಗೆ ಒತ್ತಬೇಡಿ, ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆದರೆ ಸಾಕು.

ಲ್ಯಾಮಿನೇಷನ್ ಕೇಳಿದ್ದೀರಿ. ಬೇಡವೇ ಬೇಡ. ಆಮ್ಲ ಒಳಗೇ ಉಳಿಯುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪ್ ಕೂಡ ಬೇಡ.

ಇಡುವುದಕ್ಕೆ ಆಮ್ಲರಹಿತ ಫೋಲ್ಡರ್ ಅಥವಾ ಪಾಲಿಯೆಸ್ಟರ್ ಕವರ್ ತೆಗೆದುಕೊಳ್ಳಿ. ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ. ಅಟ್ಟದ ಬಿಸಿ, ಗೋಡೆಯ ತೇವ ಎರಡೂ ತಾಗದ ಕತ್ತಲೆ ಬೀರು ಒಳ್ಳೆಯದು.

ಅಂಟಿಕೊಂಡಿರುವ ಆ ಎರಡು ಫೋಟೋ ಯಾವ ಬಗೆಯವು ಎಂದು ನೋಡದೆ ಹೇಳಲಾರೆ. ಸುಮ್ನೆ ನೀರಲ್ಲಿ ನೆನೆಸಬೇಡಿ. ಅವನ್ನು ಮಾತ್ರ ಸಂರಕ್ಷಣಾ ತಜ್ಞರಿಗೆ ತೋರಿಸಿ.