ನಾಲ್ಕು ತಿಂಗಳಿಂದ ಕಟ್ಟಿದ ಮೂಗು: ವೈದ್ಯರ ಬಳಿಗೆ ಯಾವಾಗ?

ಪ್ರಶ್ನೆ: ನನಗೆ 43 ವರ್ಷ, ಹಾವೇರಿ ಜಿಲ್ಲೆಯಲ್ಲಿ ಶಾಲಾ ಶಿಕ್ಷಕಿ. ದೀಪಾವಳಿಯ ಹೊತ್ತಿಗೆ ಬಂದ ನೆಗಡಿ ವಾರದಲ್ಲಿ ಇಳಿಯಿತಾದರೂ ಮೂಗು ಕಟ್ಟುವುದು ನಾಲ್ಕು ತಿಂಗಳಾದರೂ ನಿಂತಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಡ್ರಾಪ್ಸ್ ಹಾಕಿಕೊಳ್ಳದಿದ್ದರೆ ರಾತ್ರಿ ನಿದ್ದೆಯಿಲ್ಲ. ಈಚೆಗೆ ಒಗ್ಗರಣೆಯ ವಾಸನೆಯೂ ತಿಳಿಯುತ್ತಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದೇನೆ. ಮನೆಯವರು ‘ಶೀತ ತಾನೇ, ಹಬೆ ತಗೋ’ ಎನ್ನುತ್ತಾರೆ. ಇಷ್ಟಕ್ಕೆ ವೈದ್ಯರ ಬಳಿ ಹೋಗಬೇಕೆ?

ಉತ್ತರ: ಹೋಗಬೇಕು. ಇನ್ನು ತಡಮಾಡದೆ ಕಿವಿ, ಮೂಗು, ಗಂಟಲು ತಜ್ಞರಿಗೇ ತೋರಿಸಿ. ಸಾಮಾನ್ಯ ನೆಗಡಿ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಹತ್ತು ದಿನ ಕಳೆದರೂ ಸ್ವಲ್ಪವೂ ಕಡಿಮೆಯಾಗದಿದ್ದರೆ, ಅಥವಾ ಕಡಿಮೆಯಾದಂತೆ ಕಂಡು ಮತ್ತೆ ಜ್ವರ, ಮುಖದ ನೋವಿನೊಡನೆ ಮರುಕಳಿಸಿದರೆ, ಕುಟುಂಬ ವೈದ್ಯರನ್ನು ಕಾಣುವುದು ಸರಿ. ಮೂಗು ಕಟ್ಟುವುದು, ಸಿಂಬಳ ಸುರಿಯುವುದು, ಮುಖ ಭಾರವಾಗುವುದು, ವಾಸನೆ ಹೋಗುವುದು ಇವುಗಳಲ್ಲಿ ಎರಡು ಮೂರು ಲಕ್ಷಣಗಳು 12 ವಾರ ಮೀರಿ ಉಳಿದರೆ ಸೈನಸ್‌ಗಳ, ಅಂದರೆ ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿಗೂಡುಗಳ, ದೀರ್ಘಕಾಲದ ಉರಿಯೂತವನ್ನು ಶಂಕಿಸುತ್ತೇವೆ. ನೀವು ಆ ಗಡಿಯನ್ನು ದಾಟಿದ್ದೀರಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಆ ಡ್ರಾಪ್ಸ್. ಮನೆಯಲ್ಲಿರುವ ಸೀಸೆಯ ಮೇಲಿನ ಸಣ್ಣ ಅಕ್ಷರಗಳನ್ನು ದಯವಿಟ್ಟು ಓದಿ ನೋಡಿ. ಅಲ್ಲಿ ಆಕ್ಸಿಮೆಟಾಜೋಲಿನ್ ಅಥವಾ ಝೈಲೋಮೆಟಾಜೋಲಿನ್ ಎಂದಿದ್ದರೆ, ಅದನ್ನು ಮೂರರಿಂದ ಐದು ದಿನಗಳಿಗಿಂತ ಹೆಚ್ಚು ಬಳಸುವಂತಿಲ್ಲ. ಈ ಔಷಧಿ ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸಿ ಕ್ಷಣದಲ್ಲಿ ಉಸಿರಿಗೆ ದಾರಿ ಮಾಡಿಕೊಡುತ್ತದೆ. ಆದರೆ ವಾರಗಟ್ಟಲೆ ಹಾಕಿದಾಗ ಅದರ ಪ್ರಭಾವ ಇಳಿಯುತ್ತಿದ್ದಂತೆ ಒಳಪೊರೆ ಮೊದಲಿಗಿಂತ ಹೆಚ್ಚು ಊದಿಕೊಳ್ಳುತ್ತದೆ, ಆ ಊತವನ್ನು ಇಳಿಸಲು ಮತ್ತೆ ಹನಿ ಬೇಕಾಗುತ್ತದೆ. ಎಷ್ಟೋ ಜನರಲ್ಲಿ ಮೂಲ ನೆಗಡಿ ಎಂದೋ ಹೋಗಿ, ಮೂಗನ್ನು ಕಟ್ಟುತ್ತಿರುವುದು ಈ ಹನಿಯೇ ಆಗಿರುತ್ತದೆ. ಇದನ್ನು ಬಿಡಲು ವೈದ್ಯರು ಸಾಮಾನ್ಯವಾಗಿ ಸ್ಟಿರಾಯ್ಡ್ ಸ್ಪ್ರೇ ಕೊಡುತ್ತಾರೆ. ಸ್ಟಿರಾಯ್ಡ್ ಎಂಬ ಹೆಸರಿಗೆ ಅಂಜಬೇಡಿ, ಮೂಗಿನಲ್ಲಿ ಬಳಸುವ ಪ್ರಮಾಣ ಬಹಳ ಚಿಕ್ಕದು. ಸಕ್ಕರೆ ಕಾಯಿಲೆಯಿರುವುದನ್ನು ಮಾತ್ರ ವೈದ್ಯರಿಗೆ ಮೊದಲೇ ತಿಳಿಸಿ. ಸ್ಪ್ರೇಯ ಪೂರ್ಣ ಗುಣ ಕಾಣಲು ಒಂದೆರಡು ವಾರ ಹಿಡಿಯುವುದರಿಂದ, ಮೂರನೆಯ ದಿನಕ್ಕೇ ಕೈಬಿಡುವುದು ತಪ್ಪು. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಸಿಂಪಡಿಸಿದರೆ ಔಷಧಿ ಎರಡು ಹೊಳ್ಳೆಗಳ ನಡುಗೋಡೆಗೆ ತಾಗದೆ ಹೊರಬದಿಗೆ ಬೀಳುತ್ತದೆ. ಜೋರಾಗಿ ಒಳಗೆಳೆದುಕೊಂಡರೆ ಅದು ಗಂಟಲಿಗೆ ಇಳಿದು ವ್ಯರ್ಥವಾಗುತ್ತದೆ.

ವಾಸನೆ ಹೋಗಿರುವುದನ್ನು ಹಗುರವಾಗಿ ಕಾಣಲಾಗದು. ಮೂಗಿನೊಳಗೆ ದ್ರಾಕ್ಷಿಯಂತೆ ಬೆಳೆಯುವ ಪಾಲಿಪ್‌ಗಳು ಇದಕ್ಕೆ ಒಂದು ಕಾರಣ, ಅವು ಆಸ್ತಮಾ ಇರುವವರಲ್ಲಿ ಹೆಚ್ಚು. ಬೆಳಗ್ಗೆ ಸಾಲು ಸೀನು, ಕಣ್ಣಿನ ತುರಿಕೆ ಇದ್ದರೆ ದೂಳು ಅಥವಾ ಪಾರ್ಥೇನಿಯಂ ಪರಾಗದ ಅಲರ್ಜಿಯನ್ನೂ ಯೋಚಿಸಬೇಕು. ಸೀಮೆಸುಣ್ಣದ ಪುಡಿಯೂ ಮೂಗನ್ನು ಕೆಣಕಬಲ್ಲದು. ನಡುಗೋಡೆ ವಾಲಿರುವುದು ಅನೇಕರಲ್ಲಿ ಸಾಮಾನ್ಯ, ಕಂಡದ್ದಕ್ಕೆಲ್ಲ ಶಸ್ತ್ರಚಿಕಿತ್ಸೆ ಬೇಕಿಲ್ಲ. ತಜ್ಞರು ಸಣ್ಣ ಎಂಡೋಸ್ಕೋಪ್ (ಒಳಗನ್ನು ನೋಡುವ ತೆಳು ಕೊಳವೆ) ಹಾಕಿ ಇವುಗಳನ್ನು ಕೆಲವೇ ನಿಮಿಷಗಳಲ್ಲಿ ನೋಡಬಲ್ಲರು.

ಸಿಂಬಳ ಹಳದಿಯಾಯಿತೆಂದು ಆಂಟಿಬಯೋಟಿಕ್ ಕೇಳಿ ತಂದು ನುಂಗಬೇಡಿ, ವೈರಸ್ ನೆಗಡಿಯಲ್ಲೂ ಆ ಬಣ್ಣ ಬರುತ್ತದೆ. ಹಬೆಯಿಂದ ಸ್ವಲ್ಪ ಹಿತವೆನಿಸಬಹುದು, ಕಾರಣ ನೀಗದು. ಉಪ್ಪುನೀರಿನಿಂದ ಮೂಗು ತೊಳೆಯುವುದು ಅದಕ್ಕಿಂತ ಮೇಲು, ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಿರಬೇಕು.

ಕೆಲವು ಲಕ್ಷಣಗಳಿಗೆ ವಾರದ ಲೆಕ್ಕವಿಲ್ಲ. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ಸಹಿಸಲಾಗದ ತಲೆನೋವು, ಕತ್ತು ಬಿಗಿತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಿಮ್ಮಂತೆ ಸಕ್ಕರೆ ಕಾಯಿಲೆ ಇರುವವರು, ಅದರಲ್ಲೂ ಸಕ್ಕರೆ ಹತೋಟಿಯಲ್ಲಿಲ್ಲದವರು, ಕೆನ್ನೆ ಮರಗಟ್ಟಿದರೆ ಅಥವಾ ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಒಂದು ರಾತ್ರಿಯನ್ನೂ ಕಳೆಯಬಾರದು. 2021ರಲ್ಲಿ ಕೋವಿಡ್ ನಂತರ ಕಾಡಿದ ಕಪ್ಪು ಶಿಲೀಂಧ್ರ ಹೀಗೆಯೇ ಶುರುವಾಗುತ್ತಿತ್ತು. ತಲೆಗೆ ಪೆಟ್ಟಾದ ಬಳಿಕ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ಮಿದುಳಿನ ಸುತ್ತಲಿನ ದ್ರವವಾಗಿರಬಹುದು. ಒಂದೇ ಬದಿ ಸದಾ ಕಟ್ಟಿ, ರಕ್ತ ಬೆರೆತ ಸಿಂಬಳ ಬರುತ್ತಿದ್ದರೆ ಗಡ್ಡೆಯಿಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

ಪ್ರಶ್ನೆ: ಮೂರು ವರ್ಷದ ಮಗನಿಗೆ ಎರಡು ವಾರದಿಂದ ಬಲ ಹೊಳ್ಳೆಯಲ್ಲಿ ಮಾತ್ರ ಕೆಟ್ಟ ವಾಸನೆಯ ಸಿಂಬಳ ಬರುತ್ತಿದೆ. ಸಿರಪ್ ಕುಡಿಸಿದರೂ ನಿಂತಿಲ್ಲ.

ಉತ್ತರ: ಈ ವಯಸ್ಸಿನಲ್ಲಿ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ, ಮಗು ಏನನ್ನೋ ಮೂಗಿಗೆ ತುರುಕಿಕೊಂಡಿದೆ ಎಂದೇ ಮೊದಲು ಭಾವಿಸಬೇಕು. ಕಡಲೆಬೀಜ, ಮಣಿ, ಸ್ಪಂಜಿನ ಚೂರು ಹೀಗೆ ಸಿಕ್ಕಿಕೊಂಡಿರುತ್ತವೆ. ಪಿನ್ನು, ಚಿಮಟದಿಂದ ಮನೆಯಲ್ಲೇ ತೆಗೆಯಲು ಹೋಗಬೇಡಿ, ಅದು ಇನ್ನೂ ಒಳಕ್ಕೆ ಜಾರಿ ಶ್ವಾಸನಾಳ ಸೇರಬಹುದು. ನಾಳೆಯೇ ತಜ್ಞರಿಗೆ ತೋರಿಸಿ. ಆಟಿಕೆಯ ಗುಂಡಿಯಾಕಾರದ ಬ್ಯಾಟರಿ ಕಾಣೆಯಾಗಿದ್ದರೆ ನಾಳೆಗೂ ಕಾಯಬೇಡಿ: ಅದು ಕೆಲವೇ ಗಂಟೆಗಳಲ್ಲಿ ಮೂಗಿನ ನಡುಗೋಡೆಯನ್ನು ಸುಡುತ್ತದೆ.